ಹೊಳೆಮ್ಮ ಗಣಿಗೆ ಬಂದಳು

"ಗೇಟು ತೆಗೀರಿ ಸಾಹೇಬ್ರ, ಹೆಣ ಹಿಂಗ ನಿಲ್ಲಿಸಬಾರದು," ಎನ್ನುತ್ತ ಮುದುಕ ರಾಯಣ್ಣ ಕಬ್ಬಿಣದ ಸರಳು ಹಿಡಿದು ಅಲುಗಿಸಿದ. ಹಿಂದೆ ಚಟ್ಟ ಹೊತ್ತವರು, ಹಲಗೆ ವಾದ್ಯದವರು ಏದುಸಿರು ಬಿಡುತ್ತಿದ್ದರು. ಮೆಟ್ರಿ ಊರಿನಿಂದ ಟ್ರ್ಯಾಕ್ಟರಿನಲ್ಲಿ ತಂದ ಹೊಳೆಮ್ಮನನ್ನು ಸಂಡೂರಿನ ಗುಡ್ಡದ ಬುಡದಲ್ಲಿ ಇಳಿಸಿ, ಕಾಡಿನ ಈ ಗೇಟಿನವರೆಗೆ ಹೆಗಲ ಮೇಲೆ ಹೊತ್ತು ತಂದಿದ್ದರು.

"ಕಾಡಿನಾಗ ಮಣ್ಣು ಮಾಡಂಗಿಲ್ರಿ," ಎಂದ ಫಾರೆಸ್ಟ್ ಗಾರ್ಡ್ ಗಿರೀಶ್.

"ಮಣ್ಣು ಊರಾಗ ಮಾಡ್ತೀವಿ ಅಣ್ಣ," ಹೊಳೆಮ್ಮನ ಮಗಳು ಹೇಮಾ ಮುಂದೆ ಬಂದಳು. "ಸತ್ತ ಮ್ಯಾಲಾದ್ರೂ ಒಮ್ಮೆ ಬಾವಿ ಹತ್ರ ಒಯ್ರಿ ಅಂತಿದ್ಲು ನಮ್ಮವ್ವ. ತೋರಿಸ್ಕೊಂಡು ವಾಪಸ್ ಬರ್ತೀವಿ."

ಬಾವಿಯೆಂದರೆ ಮೇಲೆ ಕಾಡಿನ ನಡುವೆ ಇದ್ದ ಹಳೆಯ ಗಣಿಯ ಬಾಯಿ. ಚಿನ್ನ, ತಾಮ್ರ ಎರಡನ್ನೂ ತೆಗೆಯುತ್ತಿದ್ದ ಗಣಿ ಅದು. ಮುಚ್ಚಿದ ಮೇಲೆ ಕೆಲಸದವರೆಲ್ಲ ಚೆದುರಿಹೋಗಿದ್ದರು. ಇಂದು ದೋಣಿಮಲೈ, ಕಂಪ್ಲಿ, ಹೊಸಪೇಟೆಗಳಿಂದ ಬಂದವರು ಒಬ್ಬರನ್ನೊಬ್ಬರು ಕಂಡು, ಹೆಣ ಪಕ್ಕದಲ್ಲಿರುವುದನ್ನೂ ಮರೆತು ಮಾತಾಡುತ್ತಿದ್ದರು.

"ಬೆಳಿಗ್ಗಿ ಅಲ್ಲಿ ಕರಡಿ ಮರಿ ಕಟ್ಕೊಂಡು ಓಡ್ಯಾಡತಿತ್ರಿ," ಎಂದ ಗಿರೀಶ್. "ಏನಾದ್ರೂ ಆದ್ರ ಯಾರು ಜವಾಬ್ದಾರಿ? ಆ ಬಾವ್ಯಾಗ ಅಂಥಾದ್ದು ಏನೈತಿ?"

"ಈಗ ಏನೂ ಇಲ್ಲ," ಎಂದ ರಾಯಣ್ಣ. "ಒಂದಿನ ಅದರಾಗ ನಾನಿದ್ದೆ. ಈಕಿ ಮ್ಯಾಲ ಎಳಕೊಂಡ್ಲು."

*

ಅಂದು ಮಳೆ ಸುರಿದು, ಪಕ್ಕದ ಪಾಳು ಸುರಂಗದ ನೀರು ಗಣಿಯೊಳಕ್ಕೆ ನುಗ್ಗಿತ್ತು. ಕೆಳಗೆ ಸಿಕ್ಕಿಬಿದ್ದವರನ್ನು ಎತ್ತಬೇಕಾದ ಯಂತ್ರ ಕರೆಂಟು ಹೋಗಿ ನಿಂತಿತ್ತು. ಮೇಲೆ ಇದ್ದವರು ಕಲ್ಲು ಆರಿಸುವ ಹೆಂಗಸರು ಮಾತ್ರ. ಮೇಸ್ತ್ರಿ ಗಂಡಸರನ್ನು ಕರೆತರಲು ಕೆಳಗಿನ ಕ್ಯಾಂಪಿಗೆ ಓಡಿದ.

"ಅವರು ಬರೋ ತನಕ ನೀರು ಕಾಯ್ತದೇನು?" ಎಂದು ಹೊಳೆಮ್ಮ ಸೆರಗು ಸಿಕ್ಕಿಸಿ, ಹಗ್ಗ ಸುತ್ತುವ, ತುಕ್ಕು ಹಿಡಿದ ಕೈರಾಟೆಯ ಹಿಡಿಗೆ ಕೈಹಾಕಿದಳು. ಗೆಳತಿ ಪಕೀರಮ್ಮ ಎದುರಿಗೆ ನಿಂತಳು. ಉಳಿದವರು ಹಗ್ಗ ಹಿಡಿದರು. ಅದಿರಿನ ತೊಟ್ಟಿ ಇಳಿಯಿತು, ಭಾರವಾಗಿ ಏರಿತು. ಮೊದಲು ಬಂದವನು ರಾಯಣ್ಣ, ಮೀಸೆ ಮೂಡದ ಹುಡುಗ.

"ನಮ್ಮನಿಯವ್ರು?" ಎಂದು ಹೊಳೆಮ್ಮ ಗಂಡ ತಾಯಪ್ಪನ ಬಗ್ಗೆ ಕೇಳಿದಳು.

"ತಾಯಪ್ಪಣ್ಣನೇ ನನ್ನ ಎತ್ತಿ ಕುಂದ್ರಿಸಿದ."

ತೊಟ್ಟಿ ಮತ್ತೆ ಇಳಿಯಿತು. ಪ್ರತಿ ಸಲವೂ ಬೇರೆ ಮುಖ ಬಂತು, ಪ್ರತಿ ಸಲವೂ ಅದೇ ಉತ್ತರ. ಹೊಳೆಮ್ಮ ಆಮೇಲೆ ಕೇಳುವುದನ್ನೇ ಬಿಟ್ಟಳು. ಅಂಗೈ ಸುಲಿದು ಹಿಡಿ ಜಾರುತ್ತಿತ್ತು. ಕೆಂಪು ನೀರು ತೊಟ್ಟಿಕ್ಕುವ ತಲೆಯೊಂದು ಕೊನೆಗೆ ಅಂಚಿನ ಮೇಲೆ ಕಂಡಾಗ ಹೆಂಗಸರೆಲ್ಲ ಕೇಕೆ ಹಾಕಿದರು. ಹೊಳೆಮ್ಮ ಗಂಡನ ಬೆನ್ನಿಗೆ ರಪ್ಪನೆ ಒಂದು ಬಿಟ್ಟಳು.

"ಎಲ್ರಿಗಿಂತ ಕಡೀಕ ಬಾ ಅಂತ ಯಾರು ಹೇಳಿದ್ರು ನಿನಗ?"

ಆಮೇಲೆ ಅಲ್ಲೇ ಕೆಸರಿನಲ್ಲಿ ಕುಳಿತು ಅತ್ತಳು.

*

ರಾಯಣ್ಣ ಮುಗಿಸಿದಾಗ ಗಿರೀಶ್ ಬೀಗದ ಕೈ ಹುಡುಕುತ್ತಿದ್ದ.

"ಹಲಗಿ ಜೋರಾಗಿ ಬಡೀರಿ. ಕರಡಿ ದೂರ ಹೋಗ್ಲಿ. ನಾನು ಮುಂದ ಇರ್ತೀನಿ, ಯಾರೂ ದಾರಿ ಬಿಡಬ್ಯಾಡ್ರಿ."

ಹಲಗೆಗಳು ಗುಡ್ಡವೆಲ್ಲ ಮೊಳಗಿದವು. ಮೊಣಕಾಲು ನೋವಿನವರೂ ಏರಿನಲ್ಲಿ ಓಡುನಡಿಗೆ ಹಾಕಿದರು. "ಇಲ್ಲೇ ನಮ್ಮ ಗುಡಿಸಲಿತ್ತು", "ಈ ಮರ ಅವಾಗ ಇಷ್ಟೇ ಇತ್ತು" ಎಂದು ಕೂಗುತ್ತ ಒಬ್ಬರನ್ನೊಬ್ಬರು ಎಳೆದಾಡಿದರು. ಬಾವಿಯ ಬಾಯಿಗೆ ಕಾಂಕ್ರೀಟು ಹಾಕಿದ್ದರು. ಅದರ ಬಿರುಕಿನಲ್ಲಿ ಸೀತಾಫಲದ ಗಿಡ ಎದ್ದಿತ್ತು. ಪಕ್ಕದಲ್ಲಿ ಚಟ್ಟ ಇಳಿಸಿ, ಹೇಮಾ ತಾಯಿಯ ಮುಖದ ಮೇಲಿನ ಹೂವು ಸರಿಸಿದಳು. "ಬಂದೀವವ್ವ," ಎಂದಳು.

ಹೊರಡುವ ಹೊತ್ತಿಗೆ ಪಕೀರಮ್ಮ ಚಪ್ಪಲಿ ಬಿಟ್ಟು ಚಟ್ಟದ ಬಿದಿರಿಗೆ ಕೈಹಾಕಿದಳು.

"ಇಳಿಯೋವಾಗ ನಾವು ಹೊರ್ತೀವಿ."

"ಹೆಣ್ಮಕ್ಳು ಹೊರೋ ಪದ್ಧತಿ ಇಲ್ಲಬೇ," ಎಂದರು ಯಾರೋ.

"ಹಗ್ಗ ಎಳಿಯೋವಾಗ ಪದ್ಧತಿ ಕೇಳಿದ್ರೇನು?"

ರಾಯಣ್ಣ ಮೊದಲು ಪಕ್ಕಕ್ಕೆ ಸರಿದ. ಹೇಮಾ ಇನ್ನೊಂದು ತುದಿಗೆ ಬಂದಳು. ಉಳಿದ ಮುದುಕಿಯರೂ ಒಬ್ಬೊಬ್ಬರಾಗಿ ಚಪ್ಪಲಿ ಕಳಚಿ ಹೆಗಲು ಕೊಟ್ಟರು. ಹಲಗೆ ಮತ್ತೆ ಶುರುವಾಯಿತು. ಚಟ್ಟ ಓಲಾಡುತ್ತ ಇಳಿಜಾರಿನಲ್ಲಿ ಸರಸರನೆ ಸಾಗಿತು.

ರಾಯಣ್ಣ ಬಗ್ಗಿ, ಬಿಟ್ಟ ಚಪ್ಪಲಿಗಳನ್ನೆಲ್ಲ ತನ್ನ ಟವೆಲಿನಲ್ಲಿ ಗಂಟು ಕಟ್ಟಿ, ತಲೆಯ ಮೇಲಿಟ್ಟುಕೊಂಡು ಅವರ ಹಿಂದೆ ಓಡಿದ.