ಶೂನೇಮಿನ ಹೆಂಗಸಿನ ಎರಡನೆಯ ಮಾತು

ಸಲೋಮಿ ಅತ್ತಿ ಬೈಬಲಿನ ಶೂನೇಮಿನ ಹೆಂಗಸಿನ ಕಥೆ ಎತ್ತಿಕೊಂಡರೆಂದರೆ ಇಲ್ಫರ್ಡಿನ ಆ ಮನೆಯ ಮುಂಗೋಣೆಯಲ್ಲಿ ಚಹದ ಕಪ್ಪುಬಸಿ ಕೂಡ ಸಪ್ಪಳ ಮಾಡುತ್ತಿರಲಿಲ್ಲ. ಬೆಟಗೇರಿಯಿಂದ ನರ್ಸಾಗಿ ಬಂದು, ಲಂಡನ್ನಿನ ವಾರ್ಡುಗಳಲ್ಲೇ ತಲೆ ನರೆಸಿಕೊಂಡು ನಿವೃತ್ತರಾದವರು ಅವರು. ಕನ್ನಡ ಕ್ರೈಸ್ತರ ಸ್ತ್ರೀ ಕೂಟ ಸೇರುವುದು ಅವರ ಮನೆಯಲ್ಲಿ, ನಡೆಯುವುದು ಅವರ ಮಾತಿನಲ್ಲಿ.

"ಮಗ ತೊಡೀ ಮ್ಯಾಲ ಸತ್ತ. ಆಕಿ ಎದಿ ಬಡಕೊಂಡ್ಲೇನು? ಇಲ್ಲ. ಪ್ರವಾದಿ ಎಲೀಷ ಮನೀಗೆ ಬಂದ್ರ ಮಲಗೂ ಮಂಚದ ಮ್ಯಾಲ ಕೂಸಿನ್ನ ಮಲಗಿಸಿ, ಬಾಗಲಾ ಹಾಕ್ಕೊಂಡು, ಕತ್ತೆ ಹತ್ತಿ ಪ್ರವಾದಿ ಕಡೆ ಹೊಂಟ್ಲು. ಪ್ರವಾದಿಯ ಆಳು ಗೇಹಜಿ ಎದುರಿಗೆ ಓಡಿ ಬಂದ. ನೀ ಕ್ಷೇಮ ಏನವಾ, ಗಂಡ ಕ್ಷೇಮ ಏನು, ಮಗ ಕ್ಷೇಮ ಏನು ಅಂತ ಕೇಳಿದ. ಆಕಿ ಏನಂದ್ಲು?"

"ಕ್ಷೇಮ," ಎಂದು ಸೋಫಾದ ಮೇಲೆ, ನೆಲದ ಮೇಲೆ ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ಅಂದರು.

"ಕ್ಷೇಮ! ಮಗ ಹೆಣಾ ಆಗ್ಯಾನ, ಬಾಯಾಗ ಕ್ಷೇಮ. ಅದಕ್ಕ ನಂಬಿಕಿ ಅಂತಾರ. ನೀವೋ, ಒಂದು ಶೀನು ಬಂದ್ರ ಜಿಪಿ ಡಾಕ್ಟರ ಕಡೆ ಓಡ್ತೀರಿ."

ಎಲ್ಲರೂ ನಕ್ಕರು. ಬಾಗಿಲ ಹತ್ತಿರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಕೃಪಾ ನಗಲಿಲ್ಲ. ಆ ಮಾತು ತನಗೇ ಎಂದು ಅವಳಿಗೆ ಅನ್ನಿಸಿತು.

"ಬರೂ ಭಾನುವಾರ ಸ್ತ್ರೀಯರ ಆರಾಧನಿ," ಸಲೋಮಿ ಅತ್ತಿ ಅವಳತ್ತ ತಿರುಗಿದರು. "ಸಾಕ್ಷಿ ಹೇಳಾಕಿ ನಮ್ಮ ಕೃಪಾ. ಕರ್ತನು ಕೂಸಿಗೆ ಕಿವಿ ಕೊಟ್ಟಿದ್ದನ್ನ ಸಭೆಯೆಲ್ಲಾ ಕೇಳಲಿ."

"ಕೃಪಾಗ ಮಾತರ ಎಲ್ಲಿ ಬರ್ತಾವ್ರೀ ಅಕ್ಕಾರ?" ಎಂದಳು ಕೂಟದ ವಿಮಲಕ್ಕ. "ಮಗಳಿಗೆ ಕಿವಿ ಬಂದ್ವು. ಇನ್ನ ತಾಯಿಗೆ ಬಾಯಿ ಬರೂ ಹಂಗ ಪ್ರಾರ್ಥನಾ ಮಾಡೋಣು."

ಮತ್ತೆ ನಗು. ಕೃಪಾ ತಲೆ ತಗ್ಗಿಸಿದಳು. ಎಂಟನೆಯ ಇಯತ್ತೆಗೇ ಸಾಲೆ ಬಿಟ್ಟು, ಮದುವೆಯಾಗಿ, ಗಂಡನ ಸೋದರತ್ತೆಯ ಈ ಮನೆಯ ಮಾಳಿಗೆಯ ಕೋಣೆಗೆ ಬಂದು ಸೇರಿದವಳು. ಮಾತು ಕಡಿಮೆ, ನೋಡುವುದು ಹೆಚ್ಚು. ತೊಡೆಯ ಮೇಲಿದ್ದ ಕೆಜಿಯಾ, ಎರಡು ತುಂಬಿದ ಹುಡುಗಿ, ಅಷ್ಟು ಜನ ಒಮ್ಮೆಲೇ ನಕ್ಕರೂ ತಲೆ ಎತ್ತದೆ ತಾಯಿಯ ಸೆರಗಿನ ಅಂಚನ್ನು ಎಳೆಯುತ್ತಿದ್ದಳು. ಇದನ್ನು ಕಂಡವಳು ಕೃಪಾ ಒಬ್ಬಳೇ.

ಕೆಜಿಯಾಗೆ ಕಿವಿ ಕೇಳಿಸುತ್ತಿರಲಿಲ್ಲ. ಅಡಿಗೆಮನೆಯಲ್ಲಿ ಸ್ಟೀಲಿನ ಪರಾತ ಕೈಜಾರಿ ಬಿದ್ದಾಗ ಪಕ್ಕದ ಮನೆಯ ನಾಯಿ ಬೊಗಳಿತ್ತು. ಅಲ್ಲೇ ಮಲಗಿದ್ದ ಮಗು ಮಿಸುಕಿರಲಿಲ್ಲ. ಈ ವಯಸ್ಸಿಗೆ ಅವ್ವಾ ಎನ್ನಬೇಕಾದವಳು ಇನ್ನೂ ಬರೀ ಗಂಟಲಲ್ಲಿ ಗುರುಗುಡುತ್ತಿದ್ದಳು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಕೂಟದವರೆಲ್ಲ ಮಗುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಮೇಲೆ ಸಲೋಮಿ ಅತ್ತಿ ಅದರ ಹಿಂದೆ ಹೋಗಿ ನಿಂತು ಚಪ್ಪಾಳೆ ತಟ್ಟಿದರು. ಮಗು ತಿರುಗಿತು. ಹಲ್ಲೆಲೂಯಾ ಎಂದು ಕೋಣೆಯೇ ಕೂಗಿತು. ಕೃಪಾ ಮಾತ್ರ ನೆಲ ನೋಡುತ್ತಿದ್ದಳು. ಕಿಟಕಿಯ ಬಿಸಿಲಿಗೆ ಅಡ್ಡ ನಿಂತ ಅತ್ತಿಯ ನೆರಳು ಮಗುವಿನ ಮುಂದೆ ಕಾರ್ಪೆಟ್ಟಿನ ಮೇಲೆ ಬಿದ್ದಿತ್ತು. ನೆರಳಿನ ಕೈಗಳು ಆಡಿದವು, ಮಗು ತಿರುಗಿತು. ಮರುದಿನ ಮಾಳಿಗೆಯಲ್ಲಿ ಕಿಟಕಿಯ ಪರದೆ ಎಳೆದು ಕೃಪಾ ತಾನೇ ಹಿಂದೆ ನಿಂತು ಚಪ್ಪಾಳೆ ತಟ್ಟಿದಳು, ತಾಟು ಬಡಿದಳು. ಮಗು ತಿರುಗಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಮಗುವಿನ ಕಿವಿಯ ಮಾತೆತ್ತಿದರೆ ಅದು ಅಪನಂಬಿಕೆ. ಕಡೆಗೊಂದು ದಿನ ಕೃಪಾ ಅತ್ತಿಗೆ ಹೇಳದೆ ಮಗುವನ್ನು ಎತ್ತಿಕೊಂಡು ಜಿಪಿ ಹತ್ತಿರ ಹೋದಳು. ಮಗುವಿನ ಕಿವಿ ಮುಟ್ಟಿ ತೋರಿಸಿ "ನೋ, ನೋ" ಎಂದಷ್ಟಕ್ಕೆ ಆ ಎಳೆಯ ಡಾಕ್ಟರಿಗೆ ಅರ್ಥವಾಯಿತು. ಕಿವಿ ಪರೀಕ್ಷೆಯ ಕ್ಲಿನಿಕ್ಕಿಗೆ ಬರೆದುಕೊಟ್ಟಳು; ಸ್ತ್ರೀಯರ ಆರಾಧನೆಯ ಮರುದಿನ ಸೋಮವಾರಕ್ಕೆ ದಿನವೂ ಗೊತ್ತಾಯಿತು. ಈ ಸಂಗತಿಯನ್ನು ಕೃಪಾ ಗಂಡನಿಗೆ ಮಾತ್ರ ಹೇಳಿದ್ದಳು.

ಕೂಟ ಮುಗಿದ ಸಂಜೆ ಗಂಡ ಜಯಕರ ಗೋದಾಮಿನ ಕೆಲಸದಿಂದ ಬಂದು ಬೂಟು ಬಿಚ್ಚುತ್ತಾ, ಬೂಟಿಗೇ ಹೇಳಿದಂತೆ ಹೇಳಿದ.

"ಸೋಮವಾರ ಹೋಗೂದು ಬ್ಯಾಡ. ಅತ್ತಿ ಕ್ಲಿನಿಕ್ಕಿಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡಿಸ್ಯಾಳ."

"ಅವರಿಗೆ ಹೇಳಿದವರು ಯಾರು?"

ಅವನು ಎರಡನೆಯ ಬೂಟಿನ ಲಾಡಿಗೆ ಕೈ ಹಾಕಿದ.

"ನಾ ನಿಮಗ ಹೇಳಿದ್ದೆ. ನಿಮಗಷ್ಟಽ ಹೇಳಿದ್ದೆ."

"ಆಕಿ ನನ್ನ ಸಾಕಿದಾಕಿ, ಈ ದೇಶಕ್ಕ ಕರಸಿದಾಕಿ. ಮ್ಯಾಲ ನರ್ಸ್. ಆಕಿಗೆ ಗೊತ್ತಾಗೂದಿಲ್ಲೇನು?"

"ಗೊತ್ತೈತಿ," ಎಂದಳು ಕೃಪಾ. "ಅದಕ್ಕಽ ಫೋನ್ ಮಾಡ್ಯಾರ."

ಮರುದಿನ ಬೆಳಿಗ್ಗೆ ಮಗುವಿಗೆ ಗಂಜಿ ತಿನ್ನಿಸುತ್ತಾ ಅವಳು ಸತ್ಯವೇದದಲ್ಲಿ ಶೂನೇಮಿನ ಹೆಂಗಸಿನ ಕಥೆ ಬಿಡಿಸಿದಳು. ಓದು ನಿಧಾನ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಹೋಗಬೇಕು. ಅತ್ತಿ ನಿಲ್ಲಿಸುವ ಜಾಗ ಬಂತು: ಕ್ಷೇಮ. ಬೆರಳು ಮುಂದೆ ಹೋಯಿತು. ಕಥೆ ಅಲ್ಲಿ ಮುಗಿದಿರಲಿಲ್ಲ. ಆ ಹೆಂಗಸು ಬೆಟ್ಟ ಹತ್ತಿ ಹೋಗಿ ಪ್ರವಾದಿಯ ಕಾಲು ಹಿಡಿದುಬಿಟ್ಟಳು. ಆಳು ಬಂದು ದೂಡಿದ, ಬಿಡಲಿಲ್ಲ. ನಾನೇನು ಮಗ ಬೇಕೆಂದು ನಿನ್ನನ್ನು ಕೇಳಿದ್ದೆನೇ, ನನಗೆ ಆಸೆ ಹಚ್ಚಿ ಮೋಸ ಮಾಡಬೇಡ ಅಂದಿರಲಿಲ್ಲವೇ ಎಂದು ದೇವರ ಮನುಷ್ಯನನ್ನೇ ಕೇಳಿದಳು. ಅವನು ತನ್ನ ಕೋಲು ಕೊಟ್ಟು ಆಳನ್ನು ಕಳಿಸುತ್ತೇನೆಂದರೆ ಒಪ್ಪಲಿಲ್ಲ. ನೀನೇ ಬರಬೇಕು, ನಿನ್ನನ್ನು ಬಿಡುವುದಿಲ್ಲ ಅಂದಳು. ಪ್ರವಾದಿ ಎದ್ದು ಅವಳ ಹಿಂದೆ ಹೋದ, ಮಗ ಕಣ್ಣು ಬಿಟ್ಟ.

ಕೃಪಾ ಮತ್ತೊಮ್ಮೆ ಓದಿದಳು. ಕ್ಷೇಮ ಅಂದದ್ದು ಆಳಿಗೆ. ಅವನ ಕೈಯಲ್ಲಿ ಏನೂ ಆಗುವಂತಿರಲಿಲ್ಲ. ದಾರಿ ಬಿಡಲಿ ಎಂದು ಅಂದದ್ದು. ಇಲ್ಲಿ ಬಸ್ಸಿನವನು, ಅಂಗಡಿಯವಳು, ಎದುರುಮನೆಯ ಮುದುಕ ಎಲ್ಲರೂ ಆಲ್‌ರೈಟ್ ಎಂದು ಕೇಳುತ್ತಾರೆ, ನಾವೂ ಆಲ್‌ರೈಟ್ ಎಂದು ಮುಂದೆ ಹೋಗುತ್ತೇವಲ್ಲ, ಹಾಗೆ. ನಂಬಿಕೆ ಇದ್ದದ್ದು ಎರಡನೆಯ ಮಾತಿನಲ್ಲಿ. ಆ ಮಾತಿನ ತುಂಬ ಸಿಟ್ಟಿತ್ತು. ಇಷ್ಟು ವರ್ಷ ಈ ಅತ್ತಿ ಅರ್ಧ ಕಥೆ ಹೇಳಿ ಎಷ್ಟು ಹೆಂಗಸರ ಬಾಯಿ ಹೊಲಿದರೋ! ಕೈಯಲ್ಲಿದ್ದ ಚಮಚ ಗುರಿ ತಪ್ಪಿತು. ಗಂಜಿ ಮಗುವಿನ ಗದ್ದದ ಮೇಲೆ ಚೆಲ್ಲಿತು.

ಭಾನುವಾರ ಮಧ್ಯಾಹ್ನ ಬಾಡಿಗೆಯ ಚರ್ಚ್ ಹಾಲಿನಲ್ಲಿ ಸಭೆ ತುಂಬಿತ್ತು. ಹೆಸರು ಕೂಗಿದಾಗ ಕೃಪಾ ಮಗುವನ್ನು ಎತ್ತಿಕೊಂಡು ಮೈಕಿನ ಮುಂದೆ ಹೋಗಿ ನಿಂತಳು. ಮುಂದಿನ ಸಾಲಿನಿಂದ ಸಲೋಮಿ ಅತ್ತಿ, "ಹೂಂ, ಹೇಳವಾ, ಅಂಜಬ್ಯಾಡ," ಎಂದರು.

"ನನ್ನ ಮಗಳಿಗೆ ಕಿವಿ ಕೇಳಸೂದಿಲ್ಲ," ಎಂದಳು ಕೃಪಾ.

ಮೈಕನ್ನು ಇನ್ನೂ ಹತ್ತಿರ ಎಳೆದುಕೊಂಡಳು.

"ಆವತ್ತೂ ಕೇಳಸ್ತಿದ್ದಿಲ್ಲ, ಇವತ್ತೂ ಕೇಳಸೂದಿಲ್ಲ. ಚಪ್ಪಾಳಿಗೆ ತಿರುಗಲಿಲ್ಲ ಆಕಿ, ನೆರಳಿಗೆ ತಿರುಗಿದ್ಲು. ಎಂಟು ತಿಂಗಳ ಕೂಸಿದ್ದಾಗ ಕೂಸುಗಳನ್ನ ನೋಡಾಕ ಸರಕಾರದವರು ಕಳಿಸೂ ಹೆಲ್ತ್ ವಿಸಿಟರ್ ಮನೀಗೆ ಬಂದು ಹಿಂದಿಂದ ಗಿಲಕಿ ಬಾರಿಸಿದ್ಲು. ಕೂಸು ಅತ್ತಿಯ ತೊಡೀ ಮ್ಯಾಲ ಇತ್ತು. ಗಿಲಕಿ ಆದಾಗೊಮ್ಮೆ ಅತ್ತಿ ಮೊಣಕಾಲು ಅಳ್ಳಾಡಿಸಿದ್ರು. ಕೂಸು ತಿರುಗಿತು. ಆಕಿ ನನ್ನ ಆಲ್‌ರೈಟ್ ಅಂತ ಕೇಳಿದ್ಲು. ಎಲ್ಲಾರೂ ಕೇಳೂ ಹಂಗ ಕೇಳ್ಯಾಳ ಅಂತ ನಾನೂ ಆಲ್‌ರೈಟ್ ಅಂದೆ. ಆಕಿ ಕೂಸಿನ ಕಿವಿ ಬಗ್ಗೆ ಕೇಳಿದ್ಲು ಅಂತ ನನಗ ತಿಳಿಲಿಲ್ಲ. ಅತ್ತಿಗೆ ತಿಳಿದಿತ್ತು."

"ಏ ಹುಚ್ಚಿ, ಇಳಿ ಕೆಳಗ!" ಸಲೋಮಿ ಅತ್ತಿ ಎದ್ದು ನಿಂತರು. "ಮೈಯಾಗ ಆರಾಮಿಲ್ಲ ಆಕಿಗೆ. ಹಾಡು ಹಿಡೀರಿ!"

ಹಾರ್ಮೋನಿಯಂ ಶುರುವಾಯಿತು. ಜನ ಗಂಟಲು ಹರಿಯುವಂತೆ ಹಾಡಿದರು. ಕೃಪಾ ಮೈಕು ಬಿಡಲಿಲ್ಲ.

"ಶೂನೇಮಿನ ಹೆಂಗಸು ಕ್ಷೇಮ ಅಂದಿದ್ದು ಆಳಿಗೆ!" ಹಾಡಿನ ಮೇಲೆ ಅವಳ ದನಿ ಚೀರಿತು. "ಪ್ರವಾದಿಗೆ ಏನಂದ್ಲು, ಅದನ್ನ ಓದ್ರಿ! ಮನೀಗೆ ಹೋಗಿ ಓದ್ರಿ!"

ಯಾರೋ ಮೈಕಿನ ತಂತಿ ಕಿತ್ತರು. ವಿಮಲಕ್ಕ ಮಾತ್ರ ಹಾಡು ಬಿಟ್ಟು, ಅಷ್ಟು ಗದ್ದಲದ ನಡುವೆ ತಾಯಿಯ ಕುಪ್ಪಸದ ಗುಂಡಿ ತಿರುವುತ್ತಾ ತಣ್ಣಗೆ ಕೂತಿದ್ದ ಮಗುವನ್ನೇ ನೋಡುತ್ತಿದ್ದಳು.

ಸಭೆ ಮುಗಿದ ಮೇಲೆ ಚರ್ಚ್ ಹಾಲಿನ ಅಡಿಗೆಕೋಣೆಯಲ್ಲಿ ಸಲೋಮಿ ಅತ್ತಿ ಬಾಗಿಲು ಹಾಕಿಕೊಂಡರು. ಜಯಕರ ಹೊರಗೇ ಉಳಿದ.

"ಮಂದ್ಯಾಗ ನನ್ನ ಮಾನಾ ತಗದಿ. ನಾ ಈ ದೇಶಕ್ಕ ಬಂದಾಗ ಆಸ್ಪತ್ರಿಯ ಹಾಸಿಗಿ ಬಟ್ಟಿ ಇಡೂ ಕೋಣ್ಯಾಗ ನಿಂತು ಅಳತಿದ್ದೆ. ಹೊರಗ ಬಂದು ಮೇಟ್ರನ್ ಕೇಳಿದ್ರ ಫೈನ್ ಅಂತಿದ್ದೆ. ಫೈನ್ ಅಂದಾಕಿ ಉಳದೆ. ಅತ್ತವರನ್ನ ವಾಪಸ್ ಕಳಿಸಿದ್ರು. ಕೂಸಿನ ಹೆಸರ ಮುಂದ ಡೆಫ್ ಅಂತ ಒಮ್ಮಿ ಬರದ್ರ ಅಳಸಾಕ ಬರೂದಿಲ್ಲ, ತಿಳೀತಿಲ್ಲೋ? ನಾಳೆ ಆಕಿನ್ನ ಯಾರು ಮಾಡ್ಕೋತಾರ?"

"ಎರಡು ವರ್ಷದ ಕೂಸಿಗೆ ಗಂಡನ್ನ ಹುಡಕಾಕತ್ತೀರೇನು?" ಕೃಪಾ ಅಂದಳು. "ಆಕಿಗೆ ಮಾತು ಬೇಕು ಅತ್ತಿ. ಈಗ ಬರ್ಲಿಲ್ಲಂದ್ರ ಎಂದೂ ಬರೂದಿಲ್ಲ. ಜಿಪಿ ಹೇಳಿದ್ದು ನನಗೂ ತಿಳೀತು."

"ಕರ್ತನ ಮ್ಯಾಲ ನಂಬಿಕಿ ಇಲ್ಲದಾಕಿ ನೀ."

"ನಂಬಿಕಿ ಐತಿ. ನಿಮ್ಮ ಮ್ಯಾಲಿಲ್ಲ."

ಸೋಮವಾರ ಜಯಕರ ರಜೆ ಹಾಕಲಿಲ್ಲ. ಕೃಪಾ ಅವನನ್ನು ಕೇಳಲೂ ಇಲ್ಲ. ಮಗುವಿಗೆ ಕೋಟು ತೊಡಿಸಿ ಬಸ್ಸು ಹತ್ತಿದಳು.

ಕ್ಲಿನಿಕ್ಕಿನ ಕಿಟಕಿಯ ಹಿಂದಿನ ಹೆಂಗಸು ಕಂಪ್ಯೂಟರ್ ನೋಡಿ, ಮನೆಯವರೇ ರದ್ದು ಮಾಡಿಸಿದ್ದಾರೆ, ಮತ್ತೆ ಜಿಪಿ ಬರೆಯಬೇಕು, ತಿಂಗಳುಗಟ್ಟಲೆ ಕಾಯಬೇಕಾದೀತು ಎಂದಳು. ಅರ್ಧ ಅರ್ಥವಾಯಿತು, ಅಷ್ಟು ಸಾಕಾಗಿತ್ತು. ಕೃಪಾ "ನೋ" ಎಂದಳು. ಆ ಹೆಂಗಸು ಮತ್ತೆ ನಿಧಾನವಾಗಿ, ಕಿವುಡರಿಗೆ ಹೇಳುವಂತೆ ದೊಡ್ಡ ದನಿಯಲ್ಲಿ ಹೇಳಿದಳು. ಕೃಪಾ ಕಿಟಕಿಯ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಹಿಂದೆ ನಿಂತವರು ಗೊಣಗಿದರು. ಒಬ್ಬ ಗಾರ್ಡ್ ಬಂದು ಬಾಗಿ, ಇಲ್ಲಿಯವರ ರೂಢಿಯಂತೆ ಲವ್ ಎಂದು ಕರೆದು, ಎದ್ದೇಳು ಎಂದ. ಅವಳು ಮಗುವನ್ನು ಅವಚಿಕೊಂಡು ಗೋಡೆಗೆ ಒರಗಿದಳು. ಕೊನೆಗೆ ಕಿಟಕಿಯವಳು ತನ್ನ ಬಳಿ ಇದ್ದ ಮನೆಯ ನಂಬರಿಗೆ ಫೋನ್ ಮಾಡಿದಳು.

ನೀಲಿ ಕೋಟು ತೊಟ್ಟು, ವ್ಯಾನಿಟಿ ಬ್ಯಾಗು ಹಿಡಿದು ಬಂದವರು ಸಲೋಮಿ ಅತ್ತಿ.

"ಏಳು. ಮಂದಿ ನೋಡಾಕತ್ತಾರ."

"ನೋಡಲಿ."

ಗದ್ದಲ ಕೇಳಿ ಒಳಗಿನಿಂದ ಪರೀಕ್ಷೆ ಮಾಡುವ ಹೆಂಗಸು ಹೊರಬಂದಳು. ನರೆಗೂದಲು, ಕೊರಳಲ್ಲಿ ಸರಪಳಿ ಕಟ್ಟಿದ ಕನ್ನಡಕ. ಏನು ವಿಷಯ ಎಂದು ಅತ್ತಿಯನ್ನು ಕೇಳಿದಳು.

"ನನ್ನ ಮಗಳು ಕಿವುಡಿ ಅಂತ ಹೇಳ್ರಿ," ಎಂದಳು ಕೃಪಾ ನೆಲದಿಂದಲೇ.

ಅತ್ತಿ ಕೋಟಿನ ಕೊರಳಪಟ್ಟಿ ಸರಿಮಾಡಿಕೊಂಡರು. "ಶಿ ಸೇಸ್..."

"ಶಿ ಸೇಸ್ ಬ್ಯಾಡ!" ಕೃಪಾಳ ದನಿಗೆ ಗಾರ್ಡ್ ತಿರುಗಿ ನೋಡಿದ. "ಅಷ್ಟು ಇಂಗ್ಲಿಷ್ ನನಗೂ ಬರ್ತೈತಿ. ಆಕಿ ಹೇಳ್ತಾಳ ಅಂದ್ರ, ನಾ ಏನೂ ತಿಳಿಲಾರದಾಕಿ ಅಂತ ಇವರು ನಕ್ಕು ಕಳಸ್ತಾರ. ನಿಮ್ಮ ಮಾತು ಕೇಳಿ ರದ್ದು ಮಾಡಿದ್ರು, ನಿಮ್ಮ ಮಾತು ಕೇಳೇ ತಿರುಗಿ ಕೊಡಲಿ. ನೀವು ಹೇಳ್ರಿ. ನರ್ಸಾಗಿ ಹೇಳ್ರಿ."

ಸಲೋಮಿ ಅತ್ತಿ ಕೆಳಗೆ ನೋಡಿದರು. ಕೆಜಿಯಾ ಅವರ ಬೂಟಿನ ಬಕಲನ್ನು ಹಿಡಿದೆಳೆಯುತ್ತಿದ್ದಳು. ಅತ್ತಿಯ ಮುಖದಲ್ಲಿ ಸಿಟ್ಟು, ಅದರ ಹಿಂದೆ ಇನ್ನೇನೋ.

"ದ ಚೈಲ್ಡ್ ಈಸ್ ಡೆಫ್," ಎಂದರು ಕಡೆಗೆ. ವಾರ್ಡಿನಲ್ಲಿ ಅಪ್ಪಣೆ ಕೊಡುವ ದನಿ ಆಗಿರಲಿಲ್ಲ ಅದು. "ಐ ಹ್ಯಾವ್ ನೋನ್ ಇಟ್." ಫೋನ್ ಮಾಡಿ ಬೇಡ ಅಂದವಳು ತಾನೇ ಎಂಬುದನ್ನೂ ಇಂಗ್ಲಿಷಿನಲ್ಲೇ ಹೇಳಿ ಮುಗಿಸಿದರು.

ನರೆಗೂದಲಿನವಳು ಅತ್ತಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಿಟಕಿಯವಳ ಕಡೆ ತಿರುಗಿ, ಊಟದ ಹೊತ್ತಿನಲ್ಲಿ ತಾನೇ ನೋಡುತ್ತೇನೆ ಎಂದಳು.

ಒಳಗಿನ ಕೋಣೆಯ ಗೋಡೆಗಳಿಗೆಲ್ಲ ಮೆತ್ತೆ ಬಡಿದಿತ್ತು. ಕೃಪಾ ಮಗುವಿನೊಂದಿಗೆ ಒಬ್ಬಳೇ ಹೋದಳು. ಎಡಗಡೆಯಿಂದ ಸದ್ದು ಬಂತು, ಬಲಗಡೆಯಿಂದ ಬಂತು. ಬರಬರುತ್ತ ಕೃಪಾಳ ಹಲ್ಲು ಜುಮ್ಮೆನ್ನುವಷ್ಟು ಜೋರಾಯಿತು. ಮಗು ಮರದ ಕುದುರೆಯೊಂದಿಗೆ ಆಡುತ್ತಲೇ ಇತ್ತು. ಆ ಹೆಂಗಸು ಯಂತ್ರ ಆರಿಸಿ, ಬಂದು ಎದುರಿಗೆ ಕೂತು, "ಐ ಆಮ್ ಸಾರಿ," ಎಂದು ಏನೋ ವಿವರಿಸತೊಡಗಿದಳು. ಕಿವಿಗೆ ಹಾಕುವ ಯಂತ್ರ, ಸ್ಕೂಲು, ಕೈಸನ್ನೆಯ ಭಾಷೆ ಎನ್ನುತ್ತಿದ್ದಳು. ಉಳಿದದ್ದು ತಿಳಿಯಲಿಲ್ಲ. ಒಂದು ಮಾತೂ ಬಿಟ್ಟುಹೋಗುವಂತಿರಲಿಲ್ಲ.

ಕೃಪಾ ಎದ್ದು ಬಾಗಿಲು ತೆರೆದಳು. ಸಲೋಮಿ ಅತ್ತಿ ಹೊರಗಿನ ಕುರ್ಚಿಯಲ್ಲಿ ಬ್ಯಾಗನ್ನು ಅವಚಿಕೊಂಡು ಕೂತಿದ್ದರು.

"ಒಳಗ ಬರ್ರಿ," ಎಂದಳು. "ಇವರು ಹೇಳೂದನ್ನೆಲ್ಲಾ ನನಗ ಕನ್ನಡದಾಗ ಹೇಳ್ರಿ. ಚಲೋದು, ಕೆಟ್ಟದ್ದು, ಯಾವದೂ ಬಿಡಬ್ಯಾಡ್ರಿ. ನನ್ನ ಸಿಟ್ಟು ಇಳದೈತಿ ಅಂತ ಮಾತ್ರ ತಿಳ್ಕೋಬ್ಯಾಡ್ರಿ."

ಅತ್ತಿ ಎದ್ದರು. ಒಳಗೆ ಬಂದು ಕುರ್ಚಿಯ ಅಂಚಿಗೆ ಕೂತು, ಕನ್ನಡಕ ಹಾಕಿಕೊಂಡು, "ಎರಡೂ ಕಿವಿ..." ಎಂದು ಹೇಳಲು ತೊಡಗಿದರು.