ನಾಲ್ಕನೆಯವನ ಪಾಳಿ

ತೊಂಬತ್ತೆಂಟರ ಬೇಸಿಗೆ. ಅಮರ ಸತ್ತ ಹತ್ತನೆಯ ದಿನ ಪವನಾ ನದಿಯ ದಂಡೆಯಲ್ಲಿ ಕಾಗೆ ಪಿಂಡ ಮುಟ್ಟಲಿಲ್ಲ. ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದು ನೆಂಟರು ಒಬ್ಬೊಬ್ಬರಾಗಿ ಮಾತು ಕೊಟ್ಟರು. ತಂಗಿಯ ಮದುವೆ ಮಾಡುತ್ತೇವೆ, ಅವ್ವನನ್ನು ನೋಡಿಕೊಳ್ಳುತ್ತೇವೆ. ಕಾಗೆ ಕದಲಲಿಲ್ಲ. ಕೊನೆಗೆ ತಂದೆ ಹುಲಿಗೆಪ್ಪ ಕೈ ಜೋಡಿಸಿ, "ನಿನ್ನ ಬ್ಯಾಂಡ್ ನಿಲ್ಲಸೂದಿಲ್ಲಪ್ಪಾ. ನಮ್ಮ ಗೋದಾಮಿನ್ಯಾಗ ನಡಸ್ತೀನಿ" ಎಂದ. ಕಾಗೆ ಇಳಿಯಿತು.

ಮಗ ಬದುಕಿದ್ದಾಗ ಆ ಬ್ಯಾಂಡಿನ ಸದ್ದಿಗೆ ಬಾಗಿಲು ಹಾಕಿಕೊಳ್ಳುತ್ತಿದ್ದವನು, ಚಿಂಚವಾಡದ ತನ್ನ ಮೆಣಸಿನಕಾಯಿ ಗೋದಾಮಿನಲ್ಲಿ ಜಾಗ ಮಾಡಿಕೊಟ್ಟ. ಕೀಬೋರ್ಡಿನ ಸಂಜು, ಡ್ರಮ್ಮಿನ ಭೀಮು, ಗಿಟಾರಿನ ಸ್ನೇಹಲ್ ಬಂದರು. ನಾಲ್ವರೂ ಸೇರಿ ಕಟ್ಟಿದ ಪಾಪ್ ಹಾಡುಗಳನ್ನು ಹಾಡುತ್ತಿದ್ದವನು ಅಮರನೊಬ್ಬನೇ. ಈಗ ಇವರು ಹಾಡಹೋದರೆ ಮೊದಲ ಸಾಲಿಗೇ ಕೆಮ್ಮು.

"ಕಾಕಾ, ನಿಮ್ಮ ಬ್ಯಾಡಗಿ ಮೆಣಸಿನಕಾಯಿಗೂ ನನ್ನ ದನಿ ಸೇರವಲ್ದು ನೋಡ್ರಿ" ಎಂದು ಭೀಮು ನಕ್ಕ.

ಹುಲಿಗೆಪ್ಪ ಚೀಲಗಳನ್ನೆಲ್ಲ ಬೇರೆಡೆ ಸಾಗಿಸಿ ನೆಲ ತೊಳೆಸಿದ. ಆದರೂ ಬಾಯಿ ತೆರೆದರೆ ಕೆಮ್ಮು. ಹೊರಗೆ ಬಂದರೆ ಗಂಟಲು ಸರಿ. ಆಮೇಲೆ ಭೀಮು ನಗಲಿಲ್ಲ. ಹಾಡು ಬಿಟ್ಟರು. ಸ್ನೇಹಲ್ ಮದುವೆ ಬ್ಯಾಂಡಿನವರ ಹಳೆಯ ಸ್ಯಾಕ್ಸೊಫೋನ್ ಒಂದನ್ನು ತಂದು, ಗಿಟಾರು ಬಿಟ್ಟು ಅದನ್ನೇ ಊದತೊಡಗಿದಳು.

"ಹಾಡಿಲ್ಲದ ಬ್ಯಾಂಡ್ ಎಂಥಾದ್ದೋ ಸಂಜ್ಯಾ? ನಾ ಅವಗ ಮಾತ ಕೊಟ್ಟೀನಿ" ಎಂದ ಹುಲಿಗೆಪ್ಪ.

"ಇದಕ್ಕ ಜಾಝ್ ಅಂತಾರ್ರಿ ಕಾಕಾ. ಒಬ್ಬೊಬ್ಬರ ಪಾಳಿ ಬರ್ತದ. ಒಬ್ಬ ನುಡಸುವಾಗ ಉಳದವ್ರು ಹಿಂದ ಸರೀತಾರ."

ಹುಲಿಗೆಪ್ಪ ಕೇಳುತ್ತ ಕುಳಿತ. ಸ್ನೇಹಲಳ ಪಾಳಿ, ಸಂಜುವಿನದು, ಭೀಮುವಿನದು. ಆಮೇಲೆ ಮೂವರೂ ಹಿಂದೆ ಸರಿದರು. ಯಾರೂ ನುಡಿಸಲಿಲ್ಲ. ತುಸು ಹೊತ್ತಿಗೆ, ಒಬ್ಬರನ್ನೊಬ್ಬರು ನೋಡದೆಯೇ, ಮೂವರೂ ಒಟ್ಟಿಗೆ ರಾಗ ಎತ್ತಿಕೊಂಡರು.

"ನಡುವ ಅದು ಯಾರ ಪಾಳಿ?"

"ನಾವು ಇಟ್ಟದ್ದಲ್ರಿ, ತಾನ ಬರ್ತದ" ಎಂದ ಸಂಜು, ನೆಲ ನೋಡುತ್ತ.

ದಿನದಿನಕ್ಕೆ ಆ ಮೌನ ಉದ್ದವಾಯಿತು. ಹೆಂಡತಿ ಕಾಶವ್ವ ಅದನ್ನು ಕೇಳಲೆಂದೇ ಬಂದು ಬಾಗಿಲಲ್ಲಿ ಕೂರತೊಡಗಿದಳು; ಮಗ ಹೋದ ಮೇಲೆ ಅವಳು ಹೊಟ್ಟೆ ತುಂಬ ಉಂಡದ್ದು ಆ ದಿನಗಳಲ್ಲಿಯೇ. ಹುಲಿಗೆಪ್ಪನಿಗೆ ಮಾತ್ರ ಮನೆದೇವಿಯ ಮುಂದೆ ಕುಳಿತರೂ ಒಂದೇ ಅಂಜಿಕೆ: ಹೋಗಬೇಕಾದಲ್ಲಿಗೆ ಹೋಗದೆ ತಾನು ಕೊಟ್ಟ ಮಾತಿಗೆ ಮಗ ಸಿಕ್ಕಿಕೊಂಡನೇ?

ಒಂದು ಮಧ್ಯಾಹ್ನ ಮೌನ ಮುಗಿಯಲೇ ಇಲ್ಲ. ಭೀಮುವಿನ ಕೋಲು ಮೇಲೆತ್ತಿದ್ದು ಎತ್ತಿದಂತೆಯೇ ಇತ್ತು. ಸ್ನೇಹಲಳ ತುಟಿ ಬಿಳಿಚಿತು. ಬಾಗಿಲ ಬಿಸಿಲು ಎದುರು ಗೋಡೆಗೆ ಏರಿತು. ಸಂಜು ಕತ್ತು ತಿರುಗಿಸಲಾರದೆ ಪಿಸುಗುಟ್ಟಿದ: "ಕಾಕಾ, ಪಾಳಿ ಮುಗದ್ರ ಕೇಳೋರು ಚಪ್ಪಾಳಿ ಹೊಡೀತಾರ್ರಿ. ಅವಗ ಯಾರೂ ಹೊಡದಿಲ್ಲ."

ಹುಲಿಗೆಪ್ಪ ಕೈ ಎತ್ತಿದ. ಕಾಶವ್ವ ಓಡಿಬಂದು ಮುಂಗೈ ಹಿಡಿದಳು.

"ಬ್ಯಾಡ್ರಿ. ಇನ್ನೊಂಚೂರು ಇರ್ಲಿ. ನಿಮ್ಮ ಕಾಲ ಬೀಳ್ತೀನಿ."

"ಹಿಡಕೊಂಡ್ರ ಅವಗ ದಾರಿ ಸಿಗೂದಿಲ್ಲ, ಹುಚ್ಚಿ."

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವನು ಚಪ್ಪಾಳೆ ತಟ್ಟಿದ. ಕೋಲು ಡ್ರಮ್ಮಿನ ಮೇಲೆ ಬಿತ್ತು. ಮೂವರೂ ಎತ್ತಿಕೊಂಡರು.

ಮರುದಿನ ಭೀಮುವಿನ ಪಾಳಿ ಮುಗಿದೊಡನೆ ಸ್ನೇಹಲ್ ನೇರವಾಗಿ ಊದತೊಡಗಿದಳು. ಕಾಶವ್ವ ಆ ಮೌನಕ್ಕಾಗಿ ಕೊನೆತನಕ ಕಾದು, ಸೆರಗು ತಲೆಗೆಳೆದುಕೊಂಡು, ಗಂಡನ ಮುಖ ನೋಡದೆ ಎದ್ದು ಹೋದಳು.