ಲಾಳಿಯಂಥ ಮೌಸು

ರಾತ್ರಿ ಮಗ್ಗದ ಸದ್ದು ನಿಂತ ಮೇಲೆ ಮಗ್ಗದ ಕೋಣೆಯಿಂದ ಟಿಕ್ ಎಂದು ಒಂದು ಸದ್ದು ಬಂತು. ಹಲ್ಲಿಯಿರಬೇಕು ಎಂದುಕೊಂಡು ಮಗ್ಗುಲಾದೆ. ಬೆಳಿಗ್ಗೆ ನೋಡಿದರೆ ಅದೇ ಕೋಣೆಯಲ್ಲಿಟ್ಟಿದ್ದ ಕಂಪ್ಯೂಟರಿನ ಗ್ರಾಫಿನಲ್ಲಿ ಕಂಬದೂರಿನ ಚುಕ್ಕೆ ಇರಲಿಲ್ಲ.

೧೯೯೪ರ ಮಾತು. ಹಿಂದೂಪುರದ ನಮ್ಮ ಮನೆಗೆ ಆ ಕಂಪ್ಯೂಟರನ್ನು ಕೊಟ್ಟವರು ಕಲ್ಯಾಣದುರ್ಗದ ಅಶ್ವತ್ಥಪ್ಪನವರು. ಊರೂರಿನ ಮಳೆಯನ್ನೂ ಕಡಲೆಕಾಯಿ ಇಳುವರಿಯನ್ನೂ ಹೋಲಿಸುವುದು ಅವರ ಸಂಸ್ಥೆಯ ಕೆಲಸ. ಅದಕ್ಕೆ ಪ್ರೋಗ್ರಾಮ್ ಬರೆಯುವುದು ನನ್ನ ಕೆಲಸ. ಗ್ರಾಫಿನ ವಿಂಡೋದಲ್ಲಿ ಊರಿಗೊಂದು ಚುಕ್ಕೆ. ತಪ್ಪೆನಿಸಿದ ಚುಕ್ಕೆಯ ಬಳಿ ಬಾಣವನ್ನಿಟ್ಟು ಮೌಸಿನ ಗುಂಡಿ ಒತ್ತಿದರೆ ಬಾಣಕ್ಕೆ ತೀರ ಹತ್ತಿರದ ಊರು ಲೆಕ್ಕದಿಂದ ಹೊರಗೆ. ಗ್ರಾಫ್ ಮತ್ತೆ ಬರೆಯಲು ಯಂತ್ರ ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರಿಂದ, ಕೆಲಸ ಅರ್ಧಕ್ಕೆ ನಿಂತ ರಾತ್ರಿ ವಿಂಡೋ ಮುಚ್ಚದೆ, ಪರದೆಯನ್ನು ಮಾತ್ರ ಆರಿಸಿ ಮಲಗುತ್ತಿದ್ದೆ.

ಹಿಂದಿನ ವಾರ ಚಿಲಮತ್ತೂರು ಹೀಗೆಯೇ ಮಾಯವಾಗಿತ್ತು. ಆಗ ಅಶ್ವತ್ಥಪ್ಪನವರು, "ಏನಮ್ಮಾ, ನಿನ್ ಮಿಷಿನ್ನು ಊರೂರೇ ನುಂಗ್ತೈತಲ್ಲ! ಇನ್ನೊಂದು ಹೋದ್ರೆ ಎತ್ಕೊಂಡು ಹೋಯ್ತೀನಿ ಕಣಮ್ಮ. ಗ್ರಾಫ್ ಪೇಪರೇ ವಾಸಿ" ಎಂದಿದ್ದರು. ಯಂತ್ರ ಹೋದರೆ ನನ್ನ ಕೆಲಸವೂ ಹೋದಂತೆ.

ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದೆ. ತಪ್ಪು ಕಾಣಲಿಲ್ಲ. ಗುಂಡಿ ಒತ್ತದೆ ಚುಕ್ಕೆ ಹೋಗುವಂತಿರಲಿಲ್ಲ. ಹಾಗಾದರೆ ಒತ್ತುವವರು ಯಾರು?

ಆ ರಾತ್ರಿ ಬಾಗಿಲ ಹಿಂದೆ ನಿಂತೆ. ಅತ್ತೆ ಪದ್ಮಾವತಮ್ಮ ಮಗ್ಗದ ಕೆಲಸ ಮುಗಿಸಿ, ನೂಲು ಹಾಯಿಸುವ ಲಾಳಿಯನ್ನು ಎಂದಿನಂತೆ ಕಣ್ಣಿಗೊತ್ತಿಕೊಂಡರು. ಆಮೇಲೆ ಮೇಜಿನ ಬಳಿ ಹೋಗಿ ಮೌಸನ್ನೂ ಅಂಗೈಯಲ್ಲಿ ಎತ್ತಿ ಹಿಡಿದು ಕಣ್ಣಿಗೊತ್ತಿಕೊಂಡರು. ಟಿಕ್.

"ಅತ್ತಮ್ಮಾ, ಅದ್ಯಾಕೆ?"

"ಅಯ್ಯೋ, ಬೆಚ್ಚಿಬೀಳ್ಸಿಬುಟ್ಟೆ! ಮಗ್ಗಕ್ಕೆ ಕೈ ಮುಗ್ದು ಇದನ್ನ ಬಿಟ್ರೆ ಇದು ಮುನಿಸ್ಕೊಳಲ್ವೇನಮ್ಮ? ನೋಡು, ಲಾಳಿ ತರಾನೇ ಐತೆ. ದಾರ ಸೈತ ಐತೆ. ನಿನ್ ಕೆಲ್ಸ ನಿಲ್ಲಬಾರ್ದು ಅಂತ ಬೇಡ್ಕೊತೀನಿ."

ನನಗೆ ನಗು ಬಂತು. "ಮಲಗಿ, ಹೊತ್ತಾಯ್ತು" ಎಂದೆ.

ಅವರು ಮಲಗಿದ ಮೇಲೆ ಪ್ರೋಗ್ರಾಮಿಗೆ ಒಂದು ಷರತ್ತು ಸೇರಿಸಿದೆ: ಕೀಬೋರ್ಡಿನ ಶಿಫ್ಟ್ ಕೀಯನ್ನೂ ಜೊತೆಗೆ ಒತ್ತಿದ್ದರೆ ಮಾತ್ರ ಚುಕ್ಕೆ ತೆಗೆ, ಇಲ್ಲದಿದ್ದರೆ ಸುಮ್ಮನಿರು. ಹೋದ ಊರುಗಳನ್ನೆಲ್ಲ ವಾಪಸು ಕೂರಿಸಿದೆ. ಮರುರಾತ್ರಿ ಮತ್ತೆ ಟಿಕ್ ಎಂದಿತು. ಬೆಳಿಗ್ಗೆ ಎಲ್ಲ ಚುಕ್ಕೆಗಳೂ ಇದ್ದಲ್ಲೇ ಇದ್ದವು.

"ಏನಾಗಿತ್ತಮ್ಮಾ ರೋಗ?" ಎಂದು ಅಶ್ವತ್ಥಪ್ಪನವರು ಕೇಳಿದರು.

ಹೇಳಿದರೆ ಅವರು ಕಲ್ಯಾಣದುರ್ಗಕ್ಕೆಲ್ಲ ಸಾರಿ ನಗುತ್ತಾರೆ. ಅತ್ತೆಯ ಕಿವಿಗೆ ಬಿದ್ದರೆ ಆ ಕೈ ಇನ್ನು ಮೇಜಿನ ಹತ್ತಿರವೂ ಬರುವುದಿಲ್ಲ.

"ಪ್ರೋಗ್ರಾಮಿನಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು ಸಾರ್" ಎಂದೆ. ಉಳಿದದ್ದನ್ನು ಯಾರಿಗೂ, ಅತ್ತೆಗೂ, ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದೆ.